ಡಿಸ್ಕ್ ಇಮೇಜಿಂಗ್ ಸಾಫ್ಟ್‌ವೇರ್ ಅಪ್‌ಗ್ರೇಡ್ ಮಾಡಬೇಕೇ, ಬೇಡವೇ? ಮೊದಲು ರಿಸ್ಟೋರ್, ಆಮೇಲೆ ನಿರ್ಧಾರ

ಇಡೀ ಡಿಸ್ಕಿನ ಪ್ರತಿಯನ್ನು, ಅಂದರೆ ಇಮೇಜನ್ನು, ತೆಗೆದಿಡುವ ಬ್ಯಾಕಪ್ ಸಾಫ್ಟ್‌ವೇರ್ ತೆರೆದಾಗ "ಹೊಸ ಆವೃತ್ತಿ ಬಂದಿದೆ" ಎಂಬ ಕಿಟಕಿ ಮೂಡುತ್ತದೆ. ಒಬ್ಬರು ತಕ್ಷಣ ಹಣ ಕಟ್ಟಿ ಅಪ್‌ಗ್ರೇಡ್ ಮಾಡುತ್ತಾರೆ. ಇನ್ನೊಬ್ಬರು ವರ್ಷಗಟ್ಟಲೆ ಅದನ್ನು ಮುಚ್ಚುತ್ತಲೇ ಇರುತ್ತಾರೆ. ಡಿಸ್ಕ್ ಕೈಕೊಟ್ಟ ದಿನ ಇಬ್ಬರೂ ಸಿಕ್ಕಿಬೀಳಬಹುದು. ಮೊದಲನೆಯವರ ಬಳಿ ಇರುವ ರೆಸ್ಕ್ಯೂ ಪೆನ್‌ಡ್ರೈವ್ (ವಿಂಡೋಸ್ ಏಳದಿದ್ದಾಗ ಯಂತ್ರವನ್ನು ಬೂಟ್ ಮಾಡಿ ಇಮೇಜನ್ನು ಡಿಸ್ಕಿಗೆ ಮರಳಿಸಲು, ಅಂದರೆ ರಿಸ್ಟೋರ್ ಮಾಡಲು, ಬಳಸುವಂಥದ್ದು) ಹಳೆಯ ಆವೃತ್ತಿಯದು, ಹೊಸ ಇಮೇಜನ್ನು ಅದು ಓದುವುದಿಲ್ಲ. ಎರಡನೆಯವರ ಪೆನ್‌ಡ್ರೈವ್ ಬೂಟ್ ಆಗುತ್ತದೆ, ಆದರೆ ಹೊಸ ಲ್ಯಾಪ್‌ಟಾಪಿನ ಎಸ್‌ಎಸ್‌ಡಿ ಅದಕ್ಕೆ ಕಾಣುವುದಿಲ್ಲ.

ಇಬ್ಬರದೂ ಒಂದೇ ತಪ್ಪು: ಸೌಲಭ್ಯಗಳ ಪಟ್ಟಿ ಮತ್ತು ಬೆಲೆ ನೋಡಿ ಮೊದಲು ನಿರ್ಧರಿಸಿ, ಪರೀಕ್ಷೆಯನ್ನು ಕೊನೆಗೆ ಬಿಟ್ಟದ್ದು. ಈ ಕ್ರಮವನ್ನು ತಿರುಗಿಸಬೇಕು. ಈಗಿರುವ ಸಾಫ್ಟ್‌ವೇರ್ ನಿಮ್ಮ ಈಗಿನ ಯಂತ್ರವನ್ನು ಖಾಲಿ ಡಿಸ್ಕ್‌ನಿಂದ ಮತ್ತೆ ಎಬ್ಬಿಸಬಲ್ಲದೇ ಎಂದು ಮೊದಲು ನೋಡಿ. ಅಪ್‌ಗ್ರೇಡ್ ಬೇಕೇ ಎಂಬುದಕ್ಕೆ ಉತ್ತರ ಅಲ್ಲಿಂದಲೇ ಬರುತ್ತದೆ. ಇಲ್ಲಿನ ಹಂತಗಳು ವಿಂಡೋಸ್ 10 ಮತ್ತು 11 ಇರುವ ಮನೆ ಹಾಗೂ ಸಣ್ಣ ಕಚೇರಿಯ ಯಂತ್ರಗಳಿಗೆ.

ಮೊದಲೇ ಹೊಂದಿಸಿಕೊಳ್ಳಬೇಕಾದದ್ದು

8 ಜಿಬಿ ಅಥವಾ ಹೆಚ್ಚಿನ ಎರಡು ಪೆನ್‌ಡ್ರೈವ್ ಬೇಕು. ಒಂದು ಹಳೆಯ ಆವೃತ್ತಿಯ ರೆಸ್ಕ್ಯೂಗೆ, ಇನ್ನೊಂದು ಹೊಸದಕ್ಕೆ. ಒಂದನ್ನೇ ಅಳಿಸಿ ಮತ್ತೆ ಬರೆಯುವ ಉಳಿತಾಯ ಇಲ್ಲಿ ಬೇಡ.

ಪರೀಕ್ಷೆಗೊಂದು ಬಿಡಿ ಡಿಸ್ಕ್ ಬೇಕು. ಅದು ಯಂತ್ರದೊಳಗಿನ ಡಿಸ್ಕಿನಷ್ಟೇ ಅಥವಾ ಅದಕ್ಕಿಂತ ದೊಡ್ಡದಿರಲಿ. ಹಳೆಯ ಎಸ್‌ಎಸ್‌ಡಿ ಆದರೂ ಸಾಕು, ಆದರೆ ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ.

ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನಲ್ಲಿ ಕನಿಷ್ಠ ಎರಡು ಪೂರ್ತಿ ಇಮೇಜ್ ಹಿಡಿಸುವಷ್ಟು ಖಾಲಿ ಜಾಗ ಬೇಕು. ಸಿ ಡ್ರೈವಿನಲ್ಲಿ 200 ಜಿಬಿ ಬಳಕೆಯಾಗಿದ್ದರೆ 400 ಜಿಬಿ ಖಾಲಿ ಎಂದು ಲೆಕ್ಕ ಹಿಡಿಯಿರಿ. ಇಮೇಜ್ ಕುಗ್ಗುತ್ತದೆ ನಿಜ. ಆದರೆ ಫೋಟೊ, ವಿಡಿಯೊ ಹೆಚ್ಚಿದ್ದಲ್ಲಿ ಏನೂ ಕುಗ್ಗುವುದಿಲ್ಲ, ಹಾಗಾಗಿ ಕುಗ್ಗುವಿಕೆಯನ್ನು ನೆಚ್ಚಬೇಡಿ.

ಬಿಟ್‌ಲಾಕರ್ ಎಂದರೆ ಡಿಸ್ಕನ್ನು ಗೂಢಲಿಪಿಯಾಗಿಸುವ ವಿಂಡೋಸಿನ ಬೀಗ. ಅದರ ರಿಕವರಿ ಕೀ 48 ಅಂಕಿಗಳದ್ದು. ಅದನ್ನು ಕಾಗದದ ಮೇಲೆ ಬರೆದಿಡಿ. ಮೈಕ್ರೋಸಾಫ್ಟ್ ಖಾತೆಯೊಂದಿಗೆ ಹೊಸದಾಗಿ ಹೊಂದಿಸಿದ ವಿಂಡೋಸ್ 11 ಲ್ಯಾಪ್‌ಟಾಪುಗಳಲ್ಲಿ ಡಿವೈಸ್ ಎನ್‌ಕ್ರಿಪ್ಶನ್ ಹಲವು ಸಲ ತಾನಾಗಿಯೇ ಚಾಲೂ ಆಗಿರುತ್ತದೆ. "ನಾನು ಹಾಕಿಲ್ಲ" ಎಂದುಕೊಂಡವರೇ ಇಲ್ಲಿ ಹೆಚ್ಚು ಸಿಕ್ಕಿಬೀಳುವುದು.

ಡೆಸ್ಕ್‌ಟಾಪ್ ಆದರೆ ಯುಪಿಎಸ್, ಲ್ಯಾಪ್‌ಟಾಪ್ ಆದರೆ ಚಾರ್ಜರ್ ಸಿಕ್ಕಿಸಿರಬೇಕು. ಸ್ವಂತ ಅಡಾಪ್ಟರಿನಿಂದ ವಿದ್ಯುತ್ ಪಡೆಯುವ ದೊಡ್ಡ ಎಕ್ಸ್‌ಟರ್ನಲ್ ಡಿಸ್ಕನ್ನೂ ಯುಪಿಎಸ್‌ಗೇ ಸಿಕ್ಕಿಸಿ. ಕರೆಂಟ್ ಹೋದಾಗ ಯಂತ್ರ ಉಳಿದು ಡಿಸ್ಕ್ ಮಾತ್ರ ಆರಿದರೆ ಬರೆಯುತ್ತಿದ್ದ ಇಮೇಜ್ ಅರ್ಧಕ್ಕೆ ನಿಲ್ಲುತ್ತದೆ.

ಸಮಯ: 200 ಜಿಬಿ ಓದಲು ಅಥವಾ ಬರೆಯಲು ಸೆಕೆಂಡಿಗೆ 100 ಎಂಬಿ ವೇಗದಲ್ಲಿ ಸುಮಾರು 33 ನಿಮಿಷ ಬೇಕು. ಅದೇ ಡಿಸ್ಕನ್ನು ಹಳೆಯ ಯುಎಸ್‌ಬಿ 2 ಪೋರ್ಟಿಗೆ ಹಾಕಿ ವೇಗ 30 ಎಂಬಿಗೆ ಇಳಿದರೆ ಒಂದು ಗಂಟೆ 50 ನಿಮಿಷ ದಾಟುತ್ತದೆ. ಎಲ್ಲ ಹಂತಗಳಿಗೂ ಸೇರಿ ಅರ್ಧ ದಿನ ಬಿಡುವು ಮಾಡಿಕೊಳ್ಳಿ.

ಹಂತ 1: ಈಗ ಏನಿದೆ ಎಂದು ಕಾಗದದಲ್ಲಿ ಬರೆಯಿರಿ

ಈ ಯಂತ್ರದಲ್ಲೇ ಫೈಲ್ ಮಾಡಿ ಇಟ್ಟರೆ ಬೇಕಾದ ದಿನ ಅದು ಸಿಗುವುದಿಲ್ಲ. ಅದಕ್ಕೇ ಕಾಗದ.

ಸಾಫ್ಟ್‌ವೇರಿನ ಹೆಸರು, ಆವೃತ್ತಿ ಮತ್ತು ಬಿಲ್ಡ್ ಸಂಖ್ಯೆ ಬರೆಯಿರಿ. ಲೈಸೆನ್ಸ್ ಒಮ್ಮೆ ಕೊಂಡದ್ದೇ, ವರ್ಷದ ಚಂದಾದ್ದೇ, ಉಚಿತವೇ ಎಂದು ನಮೂದಿಸಿ. ಇಮೇಜ್ ಫೈಲುಗಳ ಕೊನೆಯ ಅಕ್ಷರಗಳನ್ನು, ಅಂದರೆ ಎಕ್ಸ್‌ಟೆನ್ಶನ್ ಅನ್ನು, ಇದ್ದಂತೆಯೇ ಬರೆದುಕೊಳ್ಳಿ. ಇಮೇಜಿಗೆ ಪಾಸ್‌ವರ್ಡ್ ಹಾಕಿದ್ದರೆ ಅದೂ ಬೇಕು. ಹಳೆಯ ಇಮೇಜುಗಳಿಗೆ ಹಳೆಯ ಪಾಸ್‌ವರ್ಡೇ ಬೇಕಾಗುತ್ತದೆ, ಈಚೆಗೆ ಬದಲಿಸಿದ್ದು ನಡೆಯುವುದಿಲ್ಲ.

ಆಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಡಿಸ್ಕಿನ ಪಾರ್ಟಿಶನ್ ವ್ಯವಸ್ಥೆ ಹೊಸ ಬಗೆಯ ಜಿಪಿಟಿಯೇ, ಹಳೆಯ ಬಗೆಯ ಎಂಬಿಆರೇ ಎಂದು ನೋಡಿ. ಡಿಸ್ಕ್ ಸಂಖ್ಯೆಯ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನ ವಾಲ್ಯೂಮ್ಸ್ ಪುಟಕ್ಕೆ ಹೋದರೆ ಗೊತ್ತಾಗುತ್ತದೆ. ವಿಂಡೋಸ್ 10ರಿಂದ 11ಕ್ಕೆ ಹೋಗುವಾಗ ಎಂಬಿಆರ್ ಡಿಸ್ಕನ್ನು ಜಿಪಿಟಿಗೆ ಬದಲಿಸಿಕೊಂಡವರು ಇದನ್ನು ಬಿಡಲೇಬಾರದು. ಬದಲಾವಣೆಗೆ ಮುಂಚಿನ ಇಮೇಜನ್ನು ಇಡೀ ಡಿಸ್ಕ್‌ಗೆ ರಿಸ್ಟೋರ್ ಮಾಡಿದರೆ ಡಿಸ್ಕ್ ಮತ್ತೆ ಎಂಬಿಆರ್ ಆಗುತ್ತದೆ. ಯುಇಎಫ್‌ಐ ಎಂಬ ಹೊಸ ಬೂಟ್ ವಿಧಾನವನ್ನು ಮಾತ್ರ ಒಪ್ಪುವ ಯಂತ್ರ ಅದರಿಂದ ಬೂಟ್ ಆಗುವುದಿಲ್ಲ. ತಪ್ಪು ಸಾಫ್ಟ್‌ವೇರಿನದಲ್ಲ, ಆದರೂ ಜನ ಬೈದು ಅಪ್‌ಗ್ರೇಡ್ ಮಾಡುವುದು ಸಾಫ್ಟ್‌ವೇರನ್ನೇ.

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇನ್ನೂ ಅದರಲ್ಲೇ ಇದ್ದು 11ಕ್ಕೆ ಹೋಗುವ ಯೋಚನೆಯಿದ್ದರೆ ಬ್ಯಾಕಪ್ ಸಾಫ್ಟ್‌ವೇರನ್ನೂ ವಿಂಡೋಸನ್ನೂ ಒಂದೇ ದಿನ ಬದಲಿಸಬೇಡಿ. ಮೊದಲು ಇಲ್ಲಿನ ಹಂತಗಳನ್ನು ಮುಗಿಸಿ, ಆಮೇಲೆ ವಿಂಡೋಸ್.

ಹಂತ 2: ಇರುವ ಇಮೇಜ್ ಓದಲು ಬರುತ್ತದೆಯೇ ನೋಡಿ

ಫುಲ್ ಇಮೇಜ್ ಎಂದರೆ ಆ ದಿನದ ಪೂರ್ತಿ ಪ್ರತಿ. ಡಿಫರೆನ್ಶಿಯಲ್ ಎಂದರೆ ಆ ಫುಲ್ ಆದಮೇಲೆ ಬದಲಾದದ್ದೆಲ್ಲ. ಇನ್‌ಕ್ರಿಮೆಂಟಲ್ ಎಂದರೆ ಹಿಂದಿನ ಬ್ಯಾಕಪ್ ಆದಮೇಲೆ ಬದಲಾದದ್ದು ಮಾತ್ರ. ಒಂದು ಫುಲ್ ಮತ್ತು ಅದರ ಹಿಂದೆ 20 ಇನ್‌ಕ್ರಿಮೆಂಟಲ್ ಇದ್ದರೆ ಕೊನೆಯ ದಿನಕ್ಕೆ ಮರಳಲು 21 ಫೈಲುಗಳೂ ಸರಿಯಿರಬೇಕು. ಏಳನೆಯದು ಕೆಟ್ಟಿದ್ದರೆ ಆರನೆಯದರವರೆಗೆ ಮಾತ್ರ ದಾರಿ.

ಆದ್ದರಿಂದ ವೆರಿಫೈ, ಅಂದರೆ ಇಮೇಜ್ ಕೆಟ್ಟಿಲ್ಲವೇ ಎಂಬ ಸಾಫ್ಟ್‌ವೇರಿನ ಪರೀಕ್ಷೆ, ಕೊಡುವಾಗ ಕೊನೆಯ ಫೈಲ್ ಒಂದನ್ನೇ ಅಲ್ಲ, ಇಡೀ ಸರಣಿಯನ್ನು ಆರಿಸಿ. ಮುಗಿದ ಮೇಲೆ ಕೊನೆಯ ಇಮೇಜನ್ನು ಮೌಂಟ್ ಮಾಡಿ, ಅಂದರೆ ಡ್ರೈವ್ ಅಕ್ಷರ ಕೊಟ್ಟು ತೆರೆಯಿರಿ. ಅದರಿಂದ ನಾಲ್ಕೈದು ಬಗೆಯ ಫೈಲುಗಳನ್ನು ಬೇರೆ ಕಡೆ ನಕಲು ಮಾಡಿ ತೆರೆದು ನೋಡಿ: ಒಂದು ದೊಡ್ಡ ವಿಡಿಯೊ, ಒಂದು ಎಕ್ಸೆಲ್, ಮೇಲ್ ಫೈಲ್, ಟ್ಯಾಲಿ ಇದ್ದರೆ ಅದರ ಡೇಟಾ ಫೋಲ್ಡರ್.

ವೆರಿಫೈ ವಿಫಲವಾದರೆ ಸಾಫ್ಟ್‌ವೇರ್ ಹಳೆಯದಾಯಿತು ಎಂಬ ತೀರ್ಮಾನಕ್ಕೆ ಬರಬೇಡಿ. ಎರಡು ಸಲ ಮತ್ತೆ ಓಡಿಸಿ. ಪ್ರತಿ ಸಲವೂ ಒಂದೇ ಜಾಗದಲ್ಲಿ ನಿಂತರೆ ಇಮೇಜ್ ಬರೆಯುವಾಗಲೇ ಕೆಟ್ಟಿದೆ, ಇಲ್ಲವೇ ಬ್ಯಾಕಪ್ ಡಿಸ್ಕಿನಲ್ಲಿ ಕೆಟ್ಟ ಸೆಕ್ಟರ್ ಇದೆ. ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ ನಿಂತರೆ ರ್‍ಯಾಮ್, ಯುಎಸ್‌ಬಿ ಕೇಬಲ್ ಅಥವಾ ಪೋರ್ಟಿನ ಮೇಲೆ ಅನುಮಾನಪಡಿ. ಕೇಬಲ್ ಬದಲಿಸಿ, ಹಬ್ ತೆಗೆದು ನೇರ ಪೋರ್ಟಿಗೆ ಸಿಕ್ಕಿಸಿ, ವಿಂಡೋಸಿನ ಮೆಮೊರಿ ಡಯಾಗ್ನೋಸ್ಟಿಕ್ ಒಂದು ಸಲ ಓಡಿಸಿ. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಪೆಂಡಿಂಗ್ ಸೆಕ್ಟರ್ (ಓದಲು ಬಾರದ ಜಾಗ) ಸಂಖ್ಯೆ ಸೊನ್ನೆಗಿಂತ ಹೆಚ್ಚಿದ್ದರೆ ಆ ಡಿಸ್ಕನ್ನು ಬ್ಯಾಕಪ್‌ಗೆ ಬಳಸಬೇಡಿ. ಸಿಆರ್‌ಸಿ ಎರರ್ (ಡೇಟಾ ಸಾಗುವಾಗಿನ ದೋಷದ ಎಣಿಕೆ) ಏರುತ್ತಿದ್ದರೆ ಕೇಬಲ್ ಅಥವಾ ಕನೆಕ್ಟರಿನ ದೋಷ. ಇವು ಯಾವುದಕ್ಕೂ ಅಪ್‌ಗ್ರೇಡ್ ಮದ್ದಲ್ಲ.

ವೆರಿಫೈ ಪಾಸಾದರೂ ಅದರ ಅರ್ಥ ಇಷ್ಟೇ: ಬರೆದದ್ದು ಬರೆದಂತೆಯೇ ಇದೆ. ಅದರಿಂದ ಯಂತ್ರ ಬೂಟ್ ಆಗುತ್ತದೆ ಎಂಬ ಖಾತ್ರಿ ಅದು ಕೊಡುವುದಿಲ್ಲ.

ಹಂತ 3: ರೆಸ್ಕ್ಯೂ ಪೆನ್‌ಡ್ರೈವಿನಿಂದ ಬೂಟ್ ಮಾಡಿ

ಹೆಚ್ಚಿನವರ ಸೋಲು ಇಲ್ಲೇ. ಇದಕ್ಕೆ ಸಮಯ ಕೊಡಿ.

ಯಂತ್ರ ಆಫ್ ಮಾಡಿ, ಪೆನ್‌ಡ್ರೈವ್ ಸಿಕ್ಕಿಸಿ, ಆನ್ ಮಾಡಿದ ಕೂಡಲೇ ಬೂಟ್ ಮೆನು ಕೀ ಒತ್ತುತ್ತಿರಿ. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್ ಲ್ಯಾಪ್‌ಟಾಪಿನಲ್ಲಿ ಎಸ್ಕೇಪ್. ಏಸರ್‌ನಲ್ಲಿ ಎಫ್12 ಮೆನುವನ್ನು ಬಯೋಸ್‌ನಲ್ಲಿ (ಯಂತ್ರದ ಮೂಲ ಸೆಟ್ಟಿಂಗ್‌ಗಳಲ್ಲಿ) ಮೊದಲು ಚಾಲೂ ಮಾಡಬೇಕಾಗಬಹುದು. ಈ ಹೊತ್ತಿನಲ್ಲಿ ಬಯೋಸ್‌ನ ಬೇರೆ ಯಾವುದನ್ನೂ ಮುಟ್ಟಬೇಡಿ. ಬಿಟ್‌ಲಾಕರ್ ಇರುವ ಯಂತ್ರದಲ್ಲಿ, ನಂಬಿದ ಸಹಿ ಇರುವುದನ್ನು ಮಾತ್ರ ಬೂಟ್ ಆಗಲು ಬಿಡುವ ಸೆಕ್ಯೂರ್ ಬೂಟ್‌ನಂಥ ಸೆಟ್ಟಿಂಗ್ ಬದಲಾದರೆ ಮುಂದಿನ ಸಲ ವಿಂಡೋಸ್ ರಿಕವರಿ ಕೀ ಕೇಳಬಹುದು.

ರೆಸ್ಕ್ಯೂ ಪರದೆ ಬಂದಮೇಲೆ ಮೂರು ವಿಷಯ ನೋಡಿ. ಯಂತ್ರದೊಳಗಿನ ಡಿಸ್ಕ್ ಪಟ್ಟಿಯಲ್ಲಿ ಕಾಣುತ್ತಿದೆಯೇ? ಎಕ್ಸ್‌ಟರ್ನಲ್ ಡಿಸ್ಕಿನ ಇಮೇಜ್ ತೆರೆದು ಅದರೊಳಗಿನ ಪಾರ್ಟಿಶನ್‌ಗಳ ಪಟ್ಟಿ ಬರುತ್ತಿದೆಯೇ? ಬ್ಯಾಕಪ್ ನ್ಯಾಸ್‌ನಲ್ಲಿ, ಅಂದರೆ ನೆಟ್‌ವರ್ಕಿಗೆ ಸಿಕ್ಕಿಸಿದ ಸ್ಟೋರೇಜ್ ಪೆಟ್ಟಿಗೆಯಲ್ಲಿ, ಇದ್ದರೆ ನೆಟ್‌ವರ್ಕ್ ಸಿಗುತ್ತಿದೆಯೇ? ರೆಸ್ಕ್ಯೂನಲ್ಲಿ ವೈಫೈ ಸಿಗದೆ ಇರುವುದು ಸಾಮಾನ್ಯ, ಲ್ಯಾನ್ ಕೇಬಲ್ ಕೈಯಲ್ಲಿರಲಿ.

ಒಳಗಿನ ಎಸ್‌ಎಸ್‌ಡಿ ಕಾಣದಿದ್ದರೆ

ಇಂಟೆಲ್‌ನ 11ನೇ ತಲೆಮಾರು ಮತ್ತು ಆನಂತರದ ಪ್ರಾಸೆಸರ್ ಇರುವ ಅನೇಕ ಲ್ಯಾಪ್‌ಟಾಪುಗಳಲ್ಲಿ ಎನ್‌ವಿಎಂಇ ಎಸ್‌ಎಸ್‌ಡಿ ವಿಎಂಡಿ ಎಂಬ ಕಂಟ್ರೋಲರಿನ ಹಿಂದೆ ಕೂತಿರುತ್ತದೆ. ವಿಂಡೋಸ್‌ನಲ್ಲಿ ಅದರ ಡ್ರೈವರ್ ಇರುವುದರಿಂದ ಬ್ಯಾಕಪ್ ಸಲೀಸಾಗಿ ಆಗುತ್ತದೆ. ರೆಸ್ಕ್ಯೂ ಪೆನ್‌ಡ್ರೈವಿನಲ್ಲಿ ಆ ಡ್ರೈವರ್ ಇಲ್ಲದಿದ್ದರೆ ಡಿಸ್ಕೇ ಇಲ್ಲವೆಂಬಂತೆ ತೋರುತ್ತದೆ. ಬ್ಯಾಕಪ್ ಎಷ್ಟೇ ಸರಿಯಿದ್ದರೂ ಬರೆಯಲು ಜಾಗವೇ ಇಲ್ಲ.

ಲ್ಯಾಪ್‌ಟಾಪ್ ತಯಾರಕರ ಸಪೋರ್ಟ್ ಪುಟದಿಂದ ನಿಮ್ಮ ಮಾಡೆಲ್‌ಗೆ ಹೊಂದುವ ಇಂಟೆಲ್ ರ್‍ಯಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿಕೊಳ್ಳಿ. ಇನ್‌ಸ್ಟಾಲ್ ಫೈಲ್ ಹಾಗೇ ಇದ್ದರೆ ಸಾಲದು, ಅದನ್ನು ಬಿಚ್ಚಿ ಒಳಗಿನ ಐಎನ್‌ಎಫ್ ಫೈಲುಗಳ ಫೋಲ್ಡರ್ ಬೇಕು. ರೆಸ್ಕ್ಯೂ ಪೆನ್‌ಡ್ರೈವ್ ತಯಾರಿಸುವ ಕಿಟಕಿಯಲ್ಲಿ ಡ್ರೈವರ್ ಸೇರಿಸುವ ಆಯ್ಕೆ ಇರುತ್ತದೆ, ಅಲ್ಲಿ ಈ ಫೋಲ್ಡರ್ ತೋರಿಸಿ ಪೆನ್‌ಡ್ರೈವ್ ಮತ್ತೆ ಬರೆಯಿರಿ. ವಿಂಡೋಸಿನದೇ ರಿಕವರಿ ಪರಿಸರವನ್ನು ಆಧಾರವಾಗಿ ಇಟ್ಟುಕೊಳ್ಳುವ ಆಯ್ಕೆ ಇದ್ದರೆ ಅದನ್ನೇ ಆರಿಸಿ, ಅದರಲ್ಲಿ ಯಂತ್ರದ ಡ್ರೈವರ್‌ಗಳು ಇರುವ ಸಾಧ್ಯತೆ ಹೆಚ್ಚು.

ಎಚ್ಚರ: ಡಿಸ್ಕ್ ಕಾಣಲಿ ಎಂದು ಬಯೋಸ್‌ನಲ್ಲಿ ವಿಎಂಡಿಯನ್ನು ಆಫ್ ಮಾಡಬೇಡಿ. ರೆಸ್ಕ್ಯೂನಲ್ಲಿ ಡಿಸ್ಕ್ ಕಂಡೀತು, ಆದರೆ ವಿಎಂಡಿ ಇದ್ದಾಗ ಇನ್‌ಸ್ಟಾಲ್ ಆದ ವಿಂಡೋಸ್ ಬೂಟ್ ಡಿವೈಸ್ ಸಿಗದೆ ನೀಲಿ ಪರದೆಗೆ ನಿಲ್ಲಬಹುದು.

ಪೆನ್‌ಡ್ರೈವೇ ಬೂಟ್ ಆಗದಿದ್ದರೆ

ಸೆಕ್ಯೂರ್ ಬೂಟ್ ಉಲ್ಲಂಘನೆ ಎಂಬ ಸಂದೇಶ ಬಂದರೆ ಕಾರಣ ಪ್ರಮಾಣಪತ್ರಗಳದ್ದು. ಮೈಕ್ರೋಸಾಫ್ಟ್‌ನ 2011ರ ಸೆಕ್ಯೂರ್ ಬೂಟ್ ಪ್ರಮಾಣಪತ್ರಗಳ ಅವಧಿ 2026ರ ಜೂನ್‌ನಿಂದ ಒಂದೊಂದಾಗಿ ಮುಗಿಯುವಂಥದ್ದು. ಅವುಗಳ ಜಾಗಕ್ಕೆ 2023ರವು ಬಂದಿವೆ. ಅವಧಿ ಮುಗಿದ ಮಾತ್ರಕ್ಕೆ ಹಳೆಯ ಪೆನ್‌ಡ್ರೈವ್ ನಿಂತುಹೋಗುವುದಿಲ್ಲ. ಆದರೆ ಯಂತ್ರದ ಫರ್ಮ್‌ವೇರ್‌ನಲ್ಲಿ 2011ರ ಬೂಟ್ ಸಹಿಯನ್ನು ರದ್ದು ಮಾಡಿದ್ದರೆ ಆ ಸಹಿಯ ರೆಸ್ಕ್ಯೂ ಪೆನ್‌ಡ್ರೈವ್ ಬೂಟ್ ಆಗುವುದಿಲ್ಲ. ಇದರ ತಿರುವು ಮುರುವೂ ಉಂಟು: 2023ರ ಸಹಿಯಿರುವ ಹೊಸ ಪೆನ್‌ಡ್ರೈವ್, ಆ ಪ್ರಮಾಣಪತ್ರ ಇನ್ನೂ ಸೇರದ ಹಳೆಯ ಯಂತ್ರದಲ್ಲಿ ಏಳುವುದಿಲ್ಲ. ಮನೆಯಲ್ಲಿ ಎರಡು ಯಂತ್ರಗಳಿದ್ದರೆ ಒಂದಕ್ಕೆ ಮಾಡಿದ್ದು ಇನ್ನೊಂದಕ್ಕೂ ಆದೀತು ಎಂದುಕೊಳ್ಳದೆ ಎರಡರಲ್ಲೂ ಬೂಟ್ ಮಾಡಿ ನೋಡಿ.

ಈ ಹಂತದ ಫಲವನ್ನು ಎರಡು ಸಾಲಿನಲ್ಲಿ ಬರೆಯಿರಿ. ಮೊದಲ ಸಾಲಿನಲ್ಲಿ ಯಾವ ತೊಂದರೆ ಬಂತು. ಎರಡನೆಯದರಲ್ಲಿ, ಈಗಿರುವ ಆವೃತ್ತಿಯಿಂದಲೇ ಪೆನ್‌ಡ್ರೈವ್ ಮತ್ತೆ ಮಾಡಿದಾಗ ಅದು ಸರಿಹೋಯಿತೇ ಎಂದು. ಸರಿಹೋಗಿದ್ದರೆ ನಿಮಗೆ ಬೇಕಿದ್ದದ್ದು ಹೊಸ ಪೆನ್‌ಡ್ರೈವ್ ಮಾತ್ರ.

ಹಂತ 4: ಬಿಡಿ ಡಿಸ್ಕ್‌ಗೆ ನಿಜವಾಗಿ ರಿಸ್ಟೋರ್ ಮಾಡಿ

ಒಳಗಿನ ಡಿಸ್ಕನ್ನು ಬಿಚ್ಚಿ ಪಕ್ಕಕ್ಕಿಡಿ, ಆ ಜಾಗಕ್ಕೆ ಬಿಡಿ ಡಿಸ್ಕ್ ಹಾಕಿ. ಇದು ಎಲ್ಲಕ್ಕಿಂತ ಸುರಕ್ಷಿತ ದಾರಿ, ಏಕೆಂದರೆ ತಪ್ಪಿ ಒತ್ತಿದರೂ ಅಳಿಯುವಂಥದ್ದು ಏನೂ ಯಂತ್ರದಲ್ಲಿರುವುದಿಲ್ಲ. ಬಿಚ್ಚುವ ಮೊದಲು ಯಂತ್ರ ಪೂರ್ತಿ ಆಫ್ ಆಗಿರಲಿ, ಬ್ಯಾಟರಿ ಕನೆಕ್ಟರ್ ತೆಗೆಯಿರಿ. ಎಂ.2 ಎಸ್‌ಎಸ್‌ಡಿಯ ಚಿಕ್ಕ ಸ್ಕ್ರೂ ಕಳೆಯದಂತೆ ಕಾಗದಕ್ಕೆ ಟೇಪಿನಿಂದ ಅಂಟಿಸಿಡಿ.

ಬಿಚ್ಚದೆ ಮಾಡಲೇಬೇಕಾದರೆ ಬೇಡದ ಪೆನ್‌ಡ್ರೈವ್, ಡಿಸ್ಕ್ ಎಲ್ಲ ತೆಗೆಯಿರಿ. ಗುರಿಯ ಡಿಸ್ಕನ್ನು ಡ್ರೈವ್ ಅಕ್ಷರ ನೋಡಿ ಆರಿಸಬೇಡಿ. ರೆಸ್ಕ್ಯೂನಲ್ಲಿ ಅಕ್ಷರಗಳು ಅದಲುಬದಲಾಗಿರುತ್ತವೆ, ವಿಂಡೋಸ್‌ನ ಸಿ ಅಲ್ಲಿ ಡಿ ಆಗಿರಬಹುದು. ಕಂಪನಿ, ಮಾಡೆಲ್ ಮತ್ತು ಗಾತ್ರ ನೋಡಿಯೇ ಆರಿಸಿ.

ರಿಸ್ಟೋರ್‌ನಲ್ಲಿ ಸಿ ಪಾರ್ಟಿಶನ್ ಒಂದನ್ನೇ ಅಲ್ಲ, ಇಡೀ ಡಿಸ್ಕ್ ಆರಿಸಿ. ಬೂಟ್ ಆಗಲು ಬೇಕಾದ ಚಿಕ್ಕ ಇಎಫ್‌ಐ ಪಾರ್ಟಿಶನ್ ಸಿ ಡ್ರೈವಿನ ಹೊರಗೆ ಇರುತ್ತದೆ. ಅದನ್ನು ಬಿಟ್ಟರೆ ಫೈಲುಗಳೆಲ್ಲ ಬಂದರೂ ಯಂತ್ರ ಏಳುವುದಿಲ್ಲ. ಕ್ಲೋನ್‌ಜಿಲ್ಲಾ ಎಂಬ ಇಮೇಜಿಂಗ್ ಸಾಫ್ಟ್‌ವೇರ್ ಬಳಸುವವರು ಇನ್ನೊಂದನ್ನು ನೆನಪಿಡಬೇಕು: ಗುರಿಯ ಡಿಸ್ಕ್ ಮೂಲದಷ್ಟೇ ಅಥವಾ ದೊಡ್ಡದಿರಬೇಕು. 512 ಜಿಬಿಯಲ್ಲಿ 100 ಜಿಬಿ ಮಾತ್ರ ಬಳಸಿದ್ದರೂ 256 ಜಿಬಿಗೆ ಅದು ಸಾಮಾನ್ಯ ವಿಧಾನದಲ್ಲಿ ರಿಸ್ಟೋರ್ ಮಾಡುವುದಿಲ್ಲ.

ಮುಗಿದ ಮೇಲೆ ಪೆನ್‌ಡ್ರೈವ್ ತೆಗೆದು ಬೂಟ್ ಮಾಡಿ. ವಿಂಡೋಸ್ ಬಂತೇ? ದಿನನಿತ್ಯದ ಸಾಫ್ಟ್‌ವೇರುಗಳು ತೆರೆಯುತ್ತವೆಯೇ? ನಮ್ಮ ಸಣ್ಣ ಕಚೇರಿ, ಡಿಟಿಪಿ ಅಂಗಡಿಗಳಲ್ಲಿ ಇಮೇಜ್ ಇಟ್ಟುಕೊಳ್ಳುವ ಮುಖ್ಯ ಕಾರಣವೇ ಇದು: ನುಡಿ, ಬರಹದ ಹಳೆಯ ಆವೃತ್ತಿ, ಆ ಕಾಲದ ಫಾಂಟುಗಳು, ಸಿಡಿ ಕಳೆದುಹೋದ ಪೇಜ್‌ಮೇಕರ್. ಅವು ಎದ್ದು ಕೂತವೇ ಎಂದು ಒಂದು ಹಳೆಯ ಫೈಲ್ ತೆರೆದೇ ನೋಡಿ. ಯಂತ್ರಕ್ಕೆ ಕಟ್ಟಿಹಾಕಿದ ಲೈಸೆನ್ಸ್‌ಗಳು ಡಿಸ್ಕ್ ಬದಲಾದುದನ್ನು ಕಂಡು ಮತ್ತೆ ಆಕ್ಟಿವೇಶನ್ ಕೇಳಬಹುದು. ಪರೀಕ್ಷೆಯ ಡಿಸ್ಕಿನಲ್ಲಿ ಆಕ್ಟಿವೇಟ್ ಮಾಡಲು ಹೋಗಬೇಡಿ, ಕೇಳಿತು ಎಂದು ಬರೆದುಕೊಂಡರೆ ಸಾಕು.

ಮೂಲ ಡಿಸ್ಕ್ ಮತ್ತು ರಿಸ್ಟೋರ್ ಆದ ಡಿಸ್ಕ್ ಎರಡನ್ನೂ ಒಟ್ಟಿಗೆ ಸಿಕ್ಕಿಸಿ ಬೂಟ್ ಮಾಡಬೇಡಿ. ಎರಡಕ್ಕೂ ಒಂದೇ ಗುರುತು ಇದ್ದರೆ ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡುತ್ತದೆ, ಇಲ್ಲವೇ ನೀವು ಯಾವುದರಿಂದ ಬೂಟ್ ಆಗಿದ್ದೀರಿ ಎಂಬುದೇ ಗೊತ್ತಾಗುವುದಿಲ್ಲ.

ಬಿಡಿ ಡಿಸ್ಕ್ ಇಲ್ಲ, ಅಥವಾ ಎಸ್‌ಎಸ್‌ಡಿಯನ್ನು ಬೋರ್ಡಿಗೇ ಬೆಸೆದಿದ್ದಾರೆ ಎನ್ನುವವರಿಗೆ ಎರಡನೆಯ ದಾರಿ ವರ್ಚುವಲ್ ಯಂತ್ರ, ಅಂದರೆ ನಿಮ್ಮ ಯಂತ್ರದೊಳಗೆ ಸಾಫ್ಟ್‌ವೇರ್ ಕಟ್ಟಿಕೊಡುವ ಇನ್ನೊಂದು ಯಂತ್ರ. ಮ್ಯಾಕ್ರಿಯಮ್ ಎಂಬ ಇಮೇಜಿಂಗ್ ಸಾಫ್ಟ್‌ವೇರಿನ ವೈಬೂಟ್‌ನಂಥ ಸೌಲಭ್ಯ ಇಮೇಜನ್ನು ನೇರವಾಗಿ ವರ್ಚುವಲ್ ಯಂತ್ರದಲ್ಲಿ ಎಬ್ಬಿಸುತ್ತದೆ. ಇದಕ್ಕೆ ಬಳಸಬಹುದಾದ ಹೈಪರ್-ವಿ ಎಂಬ ವಿಂಡೋಸಿನದೇ ಸೌಲಭ್ಯ ವಿಂಡೋಸ್ ಪ್ರೊನಲ್ಲಿ ಸಿಗುತ್ತದೆ, ಹೋಮ್‌ನಲ್ಲಿ ಇಲ್ಲ. ಇದು ಇಮೇಜ್ ಬೂಟ್ ಆಗುತ್ತದೆ ಎಂದು ತೋರಿಸುತ್ತದೆ. ನಿಮ್ಮ ಹಾರ್ಡ್‌ವೇರ್‌ನಲ್ಲಿ ರೆಸ್ಕ್ಯೂ ಪೆನ್‌ಡ್ರೈವ್ ಕೆಲಸ ಮಾಡುತ್ತದೆ ಎಂದು ತೋರಿಸುವುದಿಲ್ಲ. ಹಾಗಾಗಿ ಹಂತ 3 ಬಿಡುವಂತಿಲ್ಲ.

ಹಂತ 5: ಈಗ ನಿರ್ಧರಿಸಿ

ಅಪ್‌ಗ್ರೇಡ್‌ಗೆ ನಾವು ಒಪ್ಪುವ ಕಾರಣಗಳು ಕೆಲವೇ. ಪೆನ್‌ಡ್ರೈವ್ ಮತ್ತೆ ಮಾಡಿದರೂ ಬೂಟ್ ಆಗುತ್ತಿಲ್ಲ ಅಥವಾ ಡಿಸ್ಕ್ ಕಾಣುತ್ತಿಲ್ಲ. ಹಾರ್ಡ್‌ವೇರ್ ಸರಿಯಿದ್ದೂ ಹೊಸದಾಗಿ ಮಾಡಿದ ಇಮೇಜ್ ವೆರಿಫೈ ಅಥವಾ ರಿಸ್ಟೋರ್ ಆಗುತ್ತಿಲ್ಲ. ನಿಮ್ಮ ವಿಂಡೋಸ್ ಆವೃತ್ತಿಯನ್ನು ಈ ಸಾಫ್ಟ್‌ವೇರ್ ಬೆಂಬಲಿಸುವುದಿಲ್ಲ ಎಂದು ತಯಾರಕರೇ ಹೇಳಿದ್ದಾರೆ. ಭದ್ರತಾ ತಿದ್ದುಪಡಿ ನಿಂತಿದೆ, ಸಾಫ್ಟ್‌ವೇರ್ ಮಾತ್ರ ಇನ್‌ಸ್ಟಾಲ್ ಆಗಿಯೇ ಇದೆ. ಈ ಕೊನೆಯದನ್ನು ಜನ ಹಗುರವಾಗಿ ನೋಡುತ್ತಾರೆ. ಇಮೇಜಿಂಗ್ ಸಾಫ್ಟ್‌ವೇರ್ ಡಿಸ್ಕಿನ ಮಟ್ಟದಲ್ಲಿ ಕೆಲಸ ಮಾಡುವ ಡ್ರೈವರ್ ಕೂರಿಸಿರುತ್ತದೆ, ಪೂರ್ತಿ ಅಧಿಕಾರದಿಂದ ಓಡುತ್ತದೆ. ಅದರಲ್ಲಿ ತೂತು ಉಳಿದರೆ ಇಡೀ ಯಂತ್ರದ ತೂತು.

ಹೊಸ ರೂಪ, ಆಂಟಿವೈರಸ್, ಫೋನ್ ಬ್ಯಾಕಪ್, ಕ್ಲೌಡ್ ಜಾಗ, "ಇಂದೇ ಕೊನೆ" ಎಂಬ ರಿಯಾಯಿತಿ, ಇವು ಕಾರಣಗಳಲ್ಲ.

ಕೆಲವು ಸಾಫ್ಟ್‌ವೇರುಗಳ ಸ್ಥಿತಿ ಹೀಗಿದೆ. ಮ್ಯಾಕ್ರಿಯಮ್ ರಿಫ್ಲೆಕ್ಟ್‌ನ ಉಚಿತ ಆವೃತ್ತಿಗೆ ಬೆಂಬಲ 2024ರ ಆರಂಭಕ್ಕೇ ಮುಗಿದಿದೆ. 2024ರಲ್ಲೇ ಬಂದ ರಿಫ್ಲೆಕ್ಟ್ ಎಕ್ಸ್ ಚಂದಾ ಆಧಾರದ್ದು, ಅದರ ಇಮೇಜ್ ಫಾರ್ಮ್ಯಾಟೂ ಹೊಸದು. ಅಕ್ರಾನಿಸ್ ಟ್ರೂ ಇಮೇಜ್ 2020ರ ಆವೃತ್ತಿಯಲ್ಲಿ ಟಿಐಬಿ ಇಮೇಜ್ ಫಾರ್ಮ್ಯಾಟಿನಿಂದ ಟಿಐಬಿಎಕ್ಸ್‌ಗೆ ಬದಲಾಯಿತು. ಅದರ ಹೆಸರು ನಡುವೆ ಸೈಬರ್ ಪ್ರೊಟೆಕ್ಟ್ ಹೋಮ್ ಆಫೀಸ್ ಎಂದಾಗಿ ಮತ್ತೆ ಟ್ರೂ ಇಮೇಜ್‌ಗೇ ಮರಳಿದೆ, ಹಾಗಾಗಿ ಹೆಸರಿಗಿಂತ ಬಿಲ್ಡ್ ಸಂಖ್ಯೆ ನಂಬಿ. ವಿಂಡೋಸ್‌ನೊಳಗಿನ "ವಿಂಡೋಸ್ 7" ಹೆಸರಿನ ಸಿಸ್ಟಮ್ ಇಮೇಜ್ ಸೌಲಭ್ಯವನ್ನು ಮೈಕ್ರೋಸಾಫ್ಟ್ 2017ರಲ್ಲೇ ಕೈಬಿಡುವ ಪಟ್ಟಿಗೆ ಸೇರಿಸಿದೆ. ಅದು ಈಗಲೂ ಓಡುತ್ತದೆ, ಆದರೆ ಅದೊಂದನ್ನೇ ನೆಚ್ಚಿದವರು ಬೇರೆಡೆಗೆ ಹೋಗುವುದು ಒಳ್ಳೆಯದು. ಕ್ಲೋನ್‌ಜಿಲ್ಲಾ ಮತ್ತು ಅದಕ್ಕೆ ಮೌಸ್‌ನಿಂದ ನಡೆಸುವ ರೂಪ ಕೊಟ್ಟ ರೆಸ್ಕ್ಯೂಜಿಲ್ಲಾ ಉಚಿತ. ವೀಮ್ ಏಜೆಂಟ್‌ಗೂ ಉಚಿತ ಆವೃತ್ತಿ ಇದೆ.

ಹಣ ಕಟ್ಟುವ ಮೊದಲು ಟ್ರಯಲ್ ಇಳಿಸಿಕೊಂಡು ಅದರ ರೆಸ್ಕ್ಯೂ ಪೆನ್‌ಡ್ರೈವ್ ಮಾಡಿ ಹಂತ 3 ಮತ್ತೆ ನಡೆಸಿ. ಟ್ರಯಲ್‌ನಲ್ಲಿ ಕೆಲವು ಸೌಲಭ್ಯ ಮುಚ್ಚಿರಬಹುದು. ಆದರೂ ಬೂಟ್ ಆಗುತ್ತದೆಯೇ, ಡಿಸ್ಕ್ ಕಾಣುತ್ತದೆಯೇ, ಹಳೆಯ ಇಮೇಜ್ ತೆರೆಯುತ್ತದೆಯೇ ಎಂಬುದು ತಿಳಿಯುತ್ತದೆ. ಚಂದಾ ಆದರೆ ಮಾರುವವರನ್ನು ಬರಹದಲ್ಲಿ ಕೇಳಿ: ಚಂದಾ ಮುಗಿದ ಮೇಲೆ ನನ್ನ ಇಮೇಜುಗಳನ್ನು ರಿಸ್ಟೋರ್ ಮಾಡಲು ಬಿಡುತ್ತೀರಾ? ಕ್ಲೌಡ್‌ನಲ್ಲಿರುವುದನ್ನು ಎಷ್ಟು ದಿನ ಇಡುತ್ತೀರಿ? ನೇರ ಉತ್ತರ ಬಾರದಿದ್ದರೆ ಕೊಳ್ಳಬೇಡಿ.

ಹಂತ 6: ಅಪ್‌ಗ್ರೇಡ್ ಮಾಡುವುದಾದರೆ ಈ ಕ್ರಮದಲ್ಲೇ

1. ಹಳೆಯ ಆವೃತ್ತಿಯಿಂದ ಹೊಸ ಫುಲ್ ಇಮೇಜ್ ತೆಗೆದು ವೆರಿಫೈ ಮಾಡಿ. ಇನ್‌ಕ್ರಿಮೆಂಟಲ್ ಸಾಲದು.

2. ಹಳೆಯ ಆವೃತ್ತಿಯ ಇನ್‌ಸ್ಟಾಲ್ ಫೈಲ್, ಲೈಸೆನ್ಸ್ ಕೀ ಮತ್ತು ರೆಸ್ಕ್ಯೂ ಐಎಸ್‌ಒ (ರೆಸ್ಕ್ಯೂ ಪೆನ್‌ಡ್ರೈವ್ ಮತ್ತೆ ಬರೆಯಲು ಬೇಕಾದ ಫೈಲ್) ಅನ್ನು ಅದೇ ಇಮೇಜ್ ಪಕ್ಕದಲ್ಲಿ ಇಡಿ. ಹಳೆಯ ರೆಸ್ಕ್ಯೂ ಪೆನ್‌ಡ್ರೈವಿಗೆ ಆವೃತ್ತಿ, ದಿನಾಂಕ ಬರೆದ ಚೀಟಿ ಅಂಟಿಸಿ. ಆ ಎಕ್ಸ್‌ಟರ್ನಲ್ ಡಿಸ್ಕ್ ಕಳಚಿ ಬೀರುವಿಗೆ ಸೇರಿಸಿ.

3. ಬೇರೆ ಕಂಪನಿಯ ಸಾಫ್ಟ್‌ವೇರಿಗೆ ಹೋಗುವುದಾದರೆ ಹಳೆಯದನ್ನು ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಕೊಟ್ಟು ಆಮೇಲೆ ಹೊಸದನ್ನು ಹಾಕಿ. ಎರಡೂ ಒಟ್ಟಿಗಿದ್ದರೆ ಎರಡರ ಡ್ರೈವರ್‌ಗಳೂ ಒಂದೇ ಡಿಸ್ಕಿನ ಮೇಲೆ ಕಣ್ಣಿಟ್ಟು ಶ್ಯಾಡೋ ಕಾಪಿ (ವಿಂಡೋಸ್ ಓಡುತ್ತಿರುವಾಗಲೇ ಪ್ರತಿ ತೆಗೆಯಲು ನೆರವಾಗುವ ಸೌಲಭ್ಯ) ದೋಷ, ನಿಧಾನಗತಿ, ಕೆಲವೊಮ್ಮೆ ನೀಲಿ ಪರದೆ ಬರುತ್ತವೆ.

4. ಹೊಸದಕ್ಕೆ ಹೊಸ ಫೋಲ್ಡರ್ ಕೊಡಿ. ಹಳೆಯ ಫೋಲ್ಡರನ್ನೇ ತೋರಿಸಿದರೆ "ಹಳೆಯದನ್ನು ಅಳಿಸು" ಎಂಬ ನಿಯಮ ನಿಮ್ಮ ಹಳೆಯ ಸರಣಿಯನ್ನು ಅಳಿಸಬಹುದು.

5. ಮೊದಲ ಬ್ಯಾಕಪ್ ಫುಲ್ ಆಗಿಯೇ ಇರಲಿ. ಹೊಸ ಸಾಫ್ಟ್‌ವೇರ್ ಹಳೆಯ ಇಮೇಜ್ ಓದುವುದು ಸಾಮಾನ್ಯ. ಹೊಸ ಇಮೇಜನ್ನು ಹಳೆಯದು ಓದುತ್ತದೆ ಎಂದು ನಂಬಿ ಕೂರುವಂತಿಲ್ಲ. ಆದ್ದರಿಂದ ಹಳೆಯ ಸರಣಿಗೆ ಹೊಸದನ್ನು ಪೋಣಿಸದೆ ಬೇರೆಯಾಗಿಯೇ ಶುರುಮಾಡಿ.

6. ಎರಡನೆಯ ಪೆನ್‌ಡ್ರೈವಿನಲ್ಲಿ ಹೊಸ ರೆಸ್ಕ್ಯೂ ಮಾಡಿ, ಬೂಟ್ ಮಾಡಿ, ಅದರಿಂದ ಹೊಸ ಇಮೇಜನ್ನೂ ಹಳೆಯ ಇಮೇಜನ್ನೂ ತೆರೆದು ನೋಡಿ. ಜನ ಬಿಟ್ಟುಬಿಡುವುದು ಇದನ್ನೇ.

7. ಶೆಡ್ಯೂಲ್ ಮತ್ತೆ ನೋಡಿ. ಅಪ್‌ಗ್ರೇಡ್‌ನಲ್ಲಿ ಹಳೆಯ ಕೆಲಸಗಳು ಬಾರದೆ ಹೋಗಬಹುದು, ಬಂದರೂ ಆಫ್ ಆಗಿರಬಹುದು. ಮುಂದಿನ ಎರಡು ಶೆಡ್ಯೂಲ್ ಆದ ದಿನ ಫೈಲಿನ ದಿನಾಂಕ, ಗಾತ್ರ ನೀವೇ ಫೋಲ್ಡರ್ ತೆರೆದು ನೋಡಿ.

ಹೊಸ ಆವೃತ್ತಿ ಹಾಕಿದ ಮೇಲೆ ಇಮೇಜ್ ಫೈಲನ್ನು ಅಳಿಸಲು ಅಥವಾ ಹೆಸರು ಬದಲಿಸಲು ಹೋದಾಗ ಅನುಮತಿ ಇಲ್ಲ ಎಂದರೆ ಡಿಸ್ಕ್ ಕೆಟ್ಟಿದೆ ಎಂದು ಗಾಬರಿಯಾಗಬೇಡಿ. ರ್‍ಯಾನ್ಸಮ್‌ವೇರ್ ತಡೆಯುವ ಕಾವಲು, ಮ್ಯಾಕ್ರಿಯಮ್‌ನಲ್ಲಿ ಇಮೇಜ್ ಗಾರ್ಡಿಯನ್, ಹೊರಗಿನಿಂದ ಮುಟ್ಟಲು ಬಿಡುವುದಿಲ್ಲ. ಅದನ್ನು ಸಾಫ್ಟ್‌ವೇರಿನೊಳಗಿನಿಂದಲೇ ನಿಭಾಯಿಸಿ.

ಹಂತ 7: ಮಾಡದೇ ಇರುವುದಾದರೆ

ಸುಮ್ಮನೆ ಬಿಡುವುದು ಬೇರೆ, ತಿಳಿದು ಬಿಡುವುದು ಬೇರೆ. ಹಂತ 4 ಪಾಸಾಗಿ, ಬೆಂಬಲವೂ ಇದ್ದರೆ ಹಳೆಯ ಆವೃತ್ತಿಯನ್ನೇ ಇಟ್ಟುಕೊಳ್ಳಿ. ವಿಂಡೋಸಿನ ವಾರ್ಷಿಕ ದೊಡ್ಡ ಅಪ್‌ಡೇಟ್, ಬಯೋಸ್ ಅಪ್‌ಡೇಟ್ ಮತ್ತು ಡಿಸ್ಕ್ ಬದಲಾವಣೆ ಆದಾಗಲೆಲ್ಲ ರೆಸ್ಕ್ಯೂ ಬೂಟ್ ಪರೀಕ್ಷೆ ಮಾತ್ರ ಮತ್ತೆ ಮಾಡಿ. ಹತ್ತು ನಿಮಿಷದ ಕೆಲಸ.

ಬೆಂಬಲ ಮುಗಿದ ಸಾಫ್ಟ್‌ವೇರ್, ಆದರೆ ರೆಸ್ಕ್ಯೂ ಚೆನ್ನಾಗಿ ಓಡುತ್ತಿದೆ ಎನ್ನುವವರಿಗೆ ನಡುವಿನ ದಾರಿಯಿದೆ. ವಿಂಡೋಸಿನಿಂದ ಅದನ್ನು ಅನ್‌ಇನ್‌ಸ್ಟಾಲ್ ಮಾಡಿ, ತಿಂಗಳಿಗೊಮ್ಮೆ ಪೆನ್‌ಡ್ರೈವಿನಿಂದ ಬೂಟ್ ಮಾಡಿಯೇ ಇಮೇಜ್ ತೆಗೆಯಿರಿ. ಅಪಾಯದ ಡ್ರೈವರ್ ಯಂತ್ರದಲ್ಲಿ ಉಳಿಯುವುದಿಲ್ಲ. ದಿನದ ಫೈಲುಗಳಿಗೆ ಬೇರೆ ಫೈಲ್ ಬ್ಯಾಕಪ್ ಇಟ್ಟುಕೊಳ್ಳಬೇಕು, ಅಷ್ಟೇ. ಹೀಗೆ ತೆಗೆಯುವಾಗ ಬಿಟ್‌ಲಾಕರ್ ಬೀಗ ತೆರೆದಿರಬೇಕು. ಬೀಗ ಹಾಕಿದ ಡ್ರೈವಿನಲ್ಲಿ ಬಳಸಿದ ಜಾಗ ಯಾವುದು, ಖಾಲಿ ಯಾವುದು ಎಂದು ಸಾಫ್ಟ್‌ವೇರಿಗೆ ತಿಳಿಯುವುದಿಲ್ಲ. ಅದು ಪ್ರತಿ ಸೆಕ್ಟರನ್ನೂ ನಕಲು ಮಾಡುತ್ತದೆ, ಗೂಢಲಿಪಿಯಾದ್ದರಿಂದ ಕುಗ್ಗುವುದೂ ಇಲ್ಲ. 120 ಜಿಬಿ ಬಳಕೆಯಿರುವ 512 ಜಿಬಿ ಡಿಸ್ಕಿಗೆ ಸುಮಾರು 512 ಜಿಬಿ ಇಮೇಜ್ ಬಂದರೆ ಕಾರಣ ಇದೇ.

ಬೀಗ ತೆರೆದು ಅಥವಾ ವಿಂಡೋಸ್ ಓಡುತ್ತಿರುವಾಗ ತೆಗೆದ ಇಮೇಜ್‌ನೊಳಗಿನ ಡೇಟಾ ಬಿಟ್‌ಲಾಕರ್‌ನ ರಕ್ಷಣೆಯಲ್ಲಿರುವುದಿಲ್ಲ. ಆ ಎಕ್ಸ್‌ಟರ್ನಲ್ ಡಿಸ್ಕ್ ಕಳೆದರೆ ಯಾರು ಬೇಕಾದರೂ ಓದಬಹುದು. ಇಮೇಜಿಗೇ ಪಾಸ್‌ವರ್ಡ್ ಹಾಕಿ, ಹೊಸ ಡಿಸ್ಕಿಗೆ ರಿಸ್ಟೋರ್ ಆದ ಮೇಲೆ ಬಿಟ್‌ಲಾಕರನ್ನು ಮತ್ತೆ ಚಾಲೂ ಮಾಡಿ.

ನಿರ್ಧಾರ ಮತ್ತೆ ತೆರೆಯಬೇಕಾದ ಸೂಚನೆಗಳು

ಇಮೇಜ್ ಗಾತ್ರ ಕಾರಣವಿಲ್ಲದೆ ಅರ್ಧಕ್ಕಿಳಿದರೆ ಯಾವುದೋ ಪಾರ್ಟಿಶನ್ ಬಿಟ್ಟುಹೋಗಿರಬಹುದು. ಬ್ಯಾಕಪ್ ಸಮಯ ಇಮ್ಮಡಿಯಾದರೆ ಡಿಸ್ಕ್ ಅಥವಾ ಪೋರ್ಟ್ ನೋಡಿ. "ಎಚ್ಚರಿಕೆಗಳೊಂದಿಗೆ ಮುಗಿದಿದೆ" ಎಂಬ ಹಳದಿ ಗುರುತನ್ನು ಯಶಸ್ಸೆಂದು ಎಣಿಸದೆ ಲಾಗ್ ತೆರೆಯಿರಿ. ಶ್ಯಾಡೋ ಕಾಪಿ ದೋಷ ಒಮ್ಮೆ ಬಂದು ರೀಸ್ಟಾರ್ಟ್‌ಗೆ ಹೋದರೆ ಚಿಂತೆಯಿಲ್ಲ. ಮೂರು ಸಲ ಮರಳಿದರೆ ಸಿ ಡ್ರೈವಿನ ಖಾಲಿ ಜಾಗ ನೋಡಿ, ಡ್ರೈವಿನ ಪ್ರಾಪರ್ಟೀಸ್‌ನಲ್ಲಿ ಟೂಲ್ಸ್ ಪುಟದ ಚೆಕ್ ಓಡಿಸಿ, ಆಮೇಲೂ ಉಳಿದರೆ ಹಂತ 5ಕ್ಕೆ ಮರಳಿ.

ಹಳೆಯ ಇಮೇಜುಗಳನ್ನು ಹೊಸ ಸಾಫ್ಟ್‌ವೇರಿನ ಮೊದಲ ಪೂರ್ಣ ರಿಸ್ಟೋರ್ ಪರೀಕ್ಷೆ ಪಾಸಾಗುವವರೆಗೆ ಅಳಿಸಬೇಡಿ, ಪಾಸಾದ ಮೇಲೂ ಕನಿಷ್ಠ ಮೂರು ತಿಂಗಳು ಇಡಿ. ಅಳಿಸುವ ದಿನ ಹಳೆಯ ರೆಸ್ಕ್ಯೂ ಪೆನ್‌ಡ್ರೈವಿನ ಚೀಟಿ ತೆಗೆಯಿರಿ. ಅಲ್ಲಿಯವರೆಗೆ ಅದರ ಮೇಲೆ ಬೇರೆ ಏನನ್ನೂ ಬರೆಯುವಂತಿಲ್ಲ.